ಬೀಗರು ಕೇಳಿದ ಆಟದ ಪೆಟ್ಟಿಗೆ

ಬ್ಯಾಡಗಿ
೨೧ ಸೆಪ್ಟೆಂಬರ್ ೨೦೦೭

ಪ್ರೀತಿಯ ಅಣ್ಣಾ,

ಜ್ವರ ಪೂರ್ತಿ ಬಿಟ್ಟಿತೇ? ನೀನು ಸಿಲಿಗುರಿಯ ಮಿಲಿಟರಿ ಆಸ್ಪತ್ರೆಯಿಂದ ಮತ್ತೆ ಕ್ಯಾಂಪಿಗೆ ಹೋದೆಯೆಂದು ನಿನ್ನ ಗೆಳೆಯ ಫೋನಿನಲ್ಲಿ ಹೇಳಿದ ಮೇಲೆ ಅವ್ವ ಎರಡು ತುತ್ತು ನೆಮ್ಮದಿಯಿಂದ ಉಣ್ಣುತ್ತಿದ್ದಾಳೆ. ಡಾಕ್ಟರರು ಖಾರ ಬೇಡವೆಂದಿದ್ದರೆ ನಾವು ಕಳಿಸಿದ ಚಟ್ನಿಪುಡಿಯನ್ನು ಗೆಳೆಯರಿಗೆ ಹಂಚಿಬಿಡು, ಆಸೆಗೆ ಬಿದ್ದು ತಿನ್ನಬೇಡ. ನಿನ್ನ ಕ್ಯಾಂಪಿಗೆ ಫೋನ್ ಹತ್ತುವುದೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಆರಾಮ. ಹಾಗೆ ಬರೆಯುವುದು ರೂಢಿ, ಬರೆದೆ.

ನನ್ನ ಲಗ್ನ ಮುರಿಯಿತು ಅಣ್ಣಾ. ಬೇರೆಯವರು ಹೇಳುವ ಮೊದಲು ನನ್ನಿಂದ ಕೇಳು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಮಲ್ಲೇಶಪ್ಪನವರ ಮಗ ಸುದೀಪನ ಜೊತೆ ಶ್ರಾವಣದಲ್ಲಿ ನಿಶ್ಚಯವಾದದ್ದು ನಿನಗೆ ಗೊತ್ತಿದೆ. ದೀಪಾವಳಿ ಮುಗಿದ ಕೂಡಲೇ ಲಗ್ನದ ಅಕ್ಕಿಕಾಳು ಎಂದು ಮಾತಾಗಿತ್ತು. ಅಷ್ಟರಲ್ಲಿ ಮಲ್ಲೇಶಪ್ಪನವರು ಅಪ್ಪನಿಗೆ ಫೋನ್ ಮಾಡಿ, "ನಮ್ಮ ಹುಡುಗಗ ಗಾಡಿ ಬ್ಯಾಡಂತ್ರಿ. ಟೀವಿಗೆ ಹಚ್ಚಿ ಆಡೂ ಒಂದ ಗೇಮ್ ಬೇಕಂತ. ಅಷ್ಟ ಕೊಟ್ಟಬಿಡ್ರಿ" ಎಂದರು. ಅಪ್ಪನಿಗೆ ಖುಷಿಯೋ ಖುಷಿ. ಮೋಟರ್‌ಸೈಕಲ್ ಕೇಳದ ಅಳಿಯ ಸಿಕ್ಕನೆಂದು ನಮ್ಮ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಮರುದಿನವೇ ಹಾವೇರಿಗೆ ಹೋಗಿ ಶಮಶೇರಸಾಬರ ಅಂಗಡಿಯಲ್ಲಿ ಮುನ್ನೂರೈವತ್ತು ರೂಪಾಯಿಯ ಗೇಮ್ ಕೊಂಡು, ಬಣ್ಣದ ಕಾಗದ ಸುತ್ತಿಸಿ, ಅವ್ವ ಕರಿದ ಕರ್ಚಿಕಾಯಿ ಡಬ್ಬಿಯ ಜೊತೆ ರಾಣೆಬೆನ್ನೂರಿಗೆ ಒಯ್ದರು. ಅಲ್ಲಿ ಇಡೀ ಮನೆಯೇ ನಕ್ಕಿತಂತೆ. ಸುದೀಪ ಸತ್ತ ಇಲಿಯ ಬಾಲ ಹಿಡಿದಂತೆ ಅದರ ವಾಯರ್ ಹಿಡಿದು ಎತ್ತಿ, "ಮಾವಾರ, ಇದರ ಮ್ಯಾಲ ಒಂಬತ್ತ ಸಾವಿರ ಆಟ ಅಂತ ಬರದಾರ. ಒಳಗ ಇರೂವು ನಾಕೈದ. ತಿರುಗಿ ಮುರುಗಿ ಅವ ಬರ್ತಾವ" ಎಂದನಂತೆ. ಅಪ್ಪನೂ ನಕ್ಕರಂತೆ. ನಗದೆ ಏನು ಮಾಡುತ್ತಾರೆ, ಹೆಣ್ಣಿನ ತಂದೆ.

ಮುಂದಿನ ವಾರ ಮಲ್ಲೇಶಪ್ಪನವರು, ಮಗ ಇಬ್ಬರೂ ನಮ್ಮ ಮನೆಗೇ ಬಂದರು. ಸುದೀಪ ಇಂಗ್ಲಿಷ್ ಮ್ಯಾಗಝಿನ್ನಿನ ಹಾಳೆಗಳನ್ನು ಹರಿದು ತಂದಿದ್ದ. ಜಮಖಾನದ ಮೇಲೆ ಅವನ್ನು ಹರವಿ, ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ ತೋರಿಸುವವನ ಹಾಗೆ ಅಪ್ಪನಿಗೆ ತಿಳಿಸಿ ಹೇಳತೊಡಗಿದ. ಏಳು ಸಾವಿರಕ್ಕೆ ಹಳೆಯ ಪ್ಲೇಸ್ಟೇಷನ್: "ಡಿಸ್ಕ್ ಸೋವಿ ಸಿಗತಾವ ಖರೆ, ಆದ್ರ ಈಗ ಅದನ್ನ ಯಾರ ಕೇಳ್ತಾರ್ರಿ?" ಇಪ್ಪತ್ನಾಲ್ಕು ಸಾವಿರಕ್ಕೆ ಎಕ್ಸ್‌ಬಾಕ್ಸ್: "ಕೊಟ್ಟ ರೊಕ್ಕಕ್ಕ ಮೋಸಿಲ್ಲ." ನಲವತ್ತು ಸಾವಿರಕ್ಕೆ ಹೊಸ ಪ್ಲೇಸ್ಟೇಷನ್: "ಇದು ತುಟ್ಟಿ ಅನಸ್ತೈತ್ರಿ. ಆದ್ರ ಹೊಸಾ ನಮೂನಿ ಸಿನಿಮಾ ಡಿಸ್ಕೂ ಇದರಾಗ ಓಡ್ತಾವ. ಹತ್ತ ವರ್ಷ ಬ್ಯಾರೇದ ನೋಡಬೇಕಾಗಿಲ್ಲ." ನಾನು ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿದೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ ಅಣ್ಣಾ. ತನ್ನ ದುಡಿಮೆಯಲ್ಲಿ ಕೊಳ್ಳುವವನಾಗಿದ್ದರೆ ಜಾಣನೆಂದು ಒಪ್ಪಿಕೊಳ್ಳುತ್ತಿದ್ದೆ. ಆದರೆ ನಿಶ್ಚಯದ ದಿನ ನನ್ನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ, "ಚಾ ನೀವ ಮಾಡೀರೇನ್?" ನಾನು ಬಿ.ಎಡ್.ಗೆ ಅರ್ಜಿ ಹಾಕಿದ್ದು ಅವನಿಗೆ ಇಂದಿಗೂ ಗೊತ್ತಿಲ್ಲ. ಮೂರು ಪೆಟ್ಟಿಗೆಗಳ ಹೊಟ್ಟೆಯಲ್ಲಿ ಏನೇನಿದೆಯೆಂದು ಮಾತ್ರ ಬಾಯಿಪಾಠ.

ಮಲ್ಲೇಶಪ್ಪನವರು ದೊಡ್ಡ ಮನಸ್ಸು ಮಾಡಿದವರ ಹಾಗೆ, "ಒತ್ತಾಯಿಲ್ರಿ ಸಿದ್ದಲಿಂಗಪ್ಪನೋರ, ನಡುವಿಂದ, ಎಕ್ಸ್‌ಬಾಕ್ಸ್ ಕೊಡ್ರಿ ಸಾಕು" ಎಂದರು. ಅಪ್ಪ ತಲೆಯಾಡಿಸಿದರು. ಅವತ್ತೇ ಸಂಜೆ, ದೀಪಾವಳಿಗೆ ಅಂಗಡಿಗೆ ತರಿಸಬೇಕಿದ್ದ ಸರಕನ್ನು ಬೇಡವೆಂದು ಹೇಳಿ ಕಳಿಸಿದರು. ಆ ರೊಕ್ಕ ಪೆಟ್ಟಿಗೆಗೆ ಹೋಗಬೇಕಿತ್ತು.

ಗಣಪತಿ ಕೂತ ಮರುದಿನ ಇಬ್ಬರೂ ಅದೇ ಹಾಳೆ ಹಿಡಿದು ಮತ್ತೆ ಬಂದರು. ಈ ಸಲ ಮಲ್ಲೇಶಪ್ಪನವರ ಮುಖ ಅರಳಿತ್ತು. "ದೀಪಾವಳಿ ಆದಮ್ಯಾಲ ದೊಡ್ಡದರ ಬೆಲಿ ಇಳೀತೈತಂತ್ರಿ. ಲಗ್ನ ಯುಗಾದಿಗಿ ಹಾಕೋಣು. ನಡುವಿಂದರ ರೊಕ್ಕಕ್ಕ ಇನ್ನೊಂದೀಟ ಕೂಡಿಸಿದ್ರ ದೊಡ್ಡದ ಬರತೈತಿ. ನಿಮಗೂ ಲಾಭ." ಅದಕ್ಕೆ ನಮ್ಮ ಅಪ್ಪ ಕೈ ಮುಗಿದು, "ಭಾಳ ಛಲೋ ಆತ್ರೀ" ಎಂದರು. ಆ ಕೈ ನೋಡಿ ನನಗೆ ತಡೆಯಲಿಲ್ಲ. ಹೊರಗೆ ಬಂದು ಸುದೀಪನನ್ನೇ ಕೇಳಿದೆ, "ಯುಗಾದಿಗೂ ಇಳೀಲಿಲ್ಲಂದ್ರ?" ಅವನು ನಿಜವಾಗಿಯೂ ಯೋಚಿಸಿದ. "ಇಳದ ಇಳೀತೈತ್ರಿ. ಇಲ್ಲಂದ್ರ ಮುಂದಿನ ದೀಪಾವಳಿ ತನಕ ನೋಡೋಣು. ಅವಸರ ಏನೈತಿ?" ಎಂದ. "ನಿಮಗ ಅವಸರಿಲ್ಲ, ನನಗ ಮನಸ್ಸಿಲ್ಲ. ತಗೊಂಡ ಹೋಗ್ರಿ" ಎಂದು ಬೆರಳಿನಿಂದ ನಿಶ್ಚಯದ ಉಂಗುರ ತೆಗೆದು ಅವನ ಮುಂದೆ ಇಟ್ಟೆ. ಗಡಿಬಿಡಿಯಲ್ಲಿ ಯಾರದೋ ಕೈ ತಾಗಿ ಚಹಾ ಚೆಲ್ಲಿತು. ಅವನು ಮೊದಲು ಎತ್ತಿಕೊಂಡದ್ದು ತನ್ನ ಹಾಳೆಗಳನ್ನು. ಉಂಗುರವನ್ನು ಮಲ್ಲೇಶಪ್ಪನವರೇ ಎತ್ತಿಕೊಳ್ಳಬೇಕಾಯಿತು.

ಅಪ್ಪ ಆಮೇಲೆ ನನ್ನ ಜೊತೆ ಮಾತೇ ಬಿಟ್ಟರು. ಹಾವೇರಿಯಿಂದ ಪ್ರಭುಲಿಂಗಪ್ಪ ಕಾಕಾ ಓಡಿ ಬಂದು, "ಕೈಗೆ ಬಂದ ವರಾ ಕಳಕೊಂಡಿ. ಇನ್ನ ನಿನ್ನ ಯಾರ ಕೇಳಾಕ ಬರ್ತಾರ? ನಾವು ಮಾರಿ ಎತ್ತಿ ತಿರಗೂದ ಹೆಂಗ?" ಎಂದು ಬೈದು ಹೋದರು. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿದಳು. ನಿನ್ನೆ ಬೆಳಿಗ್ಗೆ ಅಪ್ಪ ಅಂಗಡಿಯಿಂದಲೇ ಕೂಗಿ, "ಸುಧಾ, ದೀಪಾವಳಿ ಸರಕಿಗೆ ಹುಬ್ಬಳ್ಳಿಗೆ ಫೋನ್ ಹಚ್ಚವಾ" ಎಂದರು. ನಂಬರ್ ಒತ್ತುವಾಗ ಕಣ್ಣು ಮಂಜಾಗಿ ಎರಡು ಸಲ ತಪ್ಪಿತು.

ನನ್ನ ಮೇಲೆ ಸಿಟ್ಟಾಗಿದ್ದರೆ ಅದನ್ನೂ ಬರಿ. ಅವ್ವ ನಿನ್ನ ಹೆಸರಿನಲ್ಲಿ ದಿನವೂ ದೀಪ ಹಚ್ಚುತ್ತಾಳೆ, ಮೈ ಹುಷಾರು.

ನಿನ್ನ ತಂಗಿ,
ಸುಧಾರಾಣಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಾಕಾನ ಮಗಳು ದೀಪಿಕಾ ಹಾವೇರಿಯಿಂದ ಫೋನ್ ಮಾಡಿದಳು. ಮಲ್ಲೇಶಪ್ಪನವರು ಈಗ ಸುದೀಪನಿಗೆ ಅವಳನ್ನು ಕೇಳಲು ಅದೇ ಹಾಳೆಗಳ ಸಮೇತ ಅವರ ಮನೆಯಲ್ಲಿ ಕೂತಿದ್ದಾರೆ. ದೊಡ್ಡದನ್ನೇ ಕೊಡುತ್ತೇನೆಂದು ಕಾಕಾ ಒಪ್ಪಿಬಿಟ್ಟಿದ್ದಾರೆ. ಅವಳಿನ್ನೂ ಕಾಲೇಜು ಮುಗಿಸಿಲ್ಲ. "ಅಕ್ಕಾ, ನಿನ್ನಂಗ ಮಾತಾಡಾಕ ನನಗ ಬರೂದಿಲ್ಲ" ಎಂದು ಪಿಸುಗುಟ್ಟಿ ಅತ್ತಳು. ಕಾಕಾ ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾರೆ. ಪತ್ರ ಕೈಗೆ ಬಂದ ಗಳಿಗೆಯಲ್ಲೇ ಎಲ್ಲಿಂದಾದರೂ ಅವರಿಗೆ ಫೋನ್ ಮಾಡು. ನಾನು ಈಗಲೇ ಹಾವೇರಿ ಬಸ್ಸಿಗೆ ಹೊರಟೆ. ನಿನ್ನ ಫೋನ್ ಬರುವ ತನಕ ಅವಳ ಪಕ್ಕ ಬಿಟ್ಟು ಏಳುವುದಿಲ್ಲ.