ಅತ್ತೆಯ ಹಣೆಯ ವಿಭೂತಿ

ನವೆಂಬರ್ ೧೪, ಗುರುವಾರ. ಕೊಟ್ಟೂರು.

ಗೆದ್ದೆ. ಅತ್ತೆಯ ಹಿಮೋಗ್ಲೋಬಿನ್ ಏಳರಿಂದ ಹನ್ನೊಂದೂವರೆಗೆ ಏರಿದೆ. ರಿಪೋರ್ಟ್ ಕೈಗೆ ಬರುವವರೆಗೆ ಒಂದು ಕೆಲಸವೂ ಕೈಗೆ ಹತ್ತಿರಲಿಲ್ಲ.

ಮೊದಲು ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರದಿದ್ದಾಗ ಮನೆಯವರೆಲ್ಲ ಗುಳಿಗೆಯನ್ನೇ ಬೈದರು. ನಾನು ದೇವರ ಜಗಲಿ ನೋಡಿದೆ. ವಿಭೂತಿ ಗಟ್ಟಿ ವಾರದಲ್ಲೇ ಮುಗಿಯುತ್ತಿತ್ತು. ಕೇಳಿದರೆ ಅತ್ತೆ, "ಬಾಯಿ ಬಯಸ್ತೈತಿ, ಭಾಗ್ಯಾ. ದೇವರ ವಿಭೂತಿ ತಿಂದ್ರ ಏನ್ ತಪ್ಪು?" ಎಂದರು.

ಡಾಕ್ಟರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. "ಮುಟ್ಟಿನಾಗ ಬಾಳ ರಕ್ತ ಹೋಗಿ ಮೈಯಾಗಿನ ಕಬ್ಬಿಣ ಖಾಲಿ ಆಗೈತ್ರಿ. ಅದಕ್ಕ ಬಾಯಿ ಹಿಂಗ ಬಯಸೋದು. ತಿಂದ ವಿಭೂತಿ ಮತ್ತ ಗುಳಿಗಿನ ಮೈಗೆ ಹತ್ತಾಕ ಬಿಡಂಗಿಲ್ಲ" ಎಂದು ರಕ್ತ ಹೋಗುವುದಕ್ಕೂ ಔಷಧಿ ಬರೆದರು. ಅಂದಿನಿಂದ ಜಗಲಿಗೆ ನಾನೇ ಕಾವಲು. ಎಷ್ಟು ಬೈಸಿಕೊಂಡೆನೋ.

ಇವತ್ತು ಸಂಜೆ ಬೇಕೆಂದೇ ಹೊಸ ಗಟ್ಟಿ ಇಟ್ಟು ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಮೂರು ಬೆರಳಿನಿಂದ ಹಣೆಗೆ ಎಳೆದುಕೊಂಡರು. ಬೆರಳು ಬಾಯಿಯ ಹತ್ತಿರವೂ ಹೋಗಲಿಲ್ಲ.

"ಮರಿಗಿ ನಿಂತಿದ್ದು ಸಾಕು, ಬಾ ಇಲ್ಲಿ" ಎಂದು ಕರೆದು, ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದರು.

ಮಲಗುವ ಹೊತ್ತಾಯಿತು. ಮುಖ ತೊಳೆಯಲು ಮನಸ್ಸಿಲ್ಲ.