ಎಲ್ಲದಕ್ಕೂ ಕೊಲೊನ್

ಮೇ 6, ಸೋಮವಾರ

ಬೆಳಿಗ್ಗೆಯೇ ಹಸಿ ಈರುಳ್ಳಿ ತೊಳೆದೆ, ಉಪ್ಪುಮೀನು ಸೀಳಿದೆ. ವಸಂತದ ಹಬ್ಬ, ಮನೆತುಂಬ ಜನ. ಹೊಟ್ಟೆಯ ಎಡಗಡೆ, ಕೆಳಗೆ, ನಿನ್ನೆಯದೇ ನೋವು... ನಾನು ಮೀನು ತಿನ್ನಲಿಲ್ಲ. ನಾದಿನಿ ನಗ್ವಾ ಬಾಯಲ್ಲಿ ಮೀನಿಟ್ಟುಕೊಂಡೇ ತೀರ್ಪು ಕೊಟ್ಟಳು. "ಕೊಲೊನ್ ಅತ್ತಿಗೆ, ಇನ್ನೇನಲ್ಲ. ನೀವು ಸುಮ್‌ಸುಮ್ನೆ ತಲೆ ಬಿಸಿ ಮಾಡ್ಕೋತೀರ."

ಕೊಲೊನ್ ಅಂದರೆ ದೊಡ್ಡಕರುಳು. ಎಲ್ಲರಿಗೂ ಇರುತ್ತದೆ. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಮಾತ್ರ ಅದು ಕಾಯಿಲೆಯ ಹೆಸರು. ಸೊಸೆ ಎದುರುತ್ತರ ಕೊಟ್ಟರೆ ಕೊಲೊನ್, ಟ್ರಾಮ್ ತಪ್ಪಿದರೆ ಕೊಲೊನ್.

ಮೇ 7

ಜ್ವರ ಮೂವತ್ತೆಂಟೂವರೆ ಡಿಗ್ರಿ. ಗಂಡ ಶೌಕಿ ಔಷಧಿ ಅಂಗಡಿಗೆ ಹೋಗಿಬಂದ. ಅಂಗಡಿಯವನು ನನ್ನ ಮುಖವನ್ನೂ ನೋಡದೆ ಮಾತ್ರೆ ಕೊಟ್ಟಿದ್ದಾನೆ. ಕೊಲೊನ್‌ಗೆ!

"ಜ್ವರ ಇದೆ ಅಂತ ಹೇಳಿದ್ಯಾ?"

"ಅದನ್ನೇನು ಹೇಳೋದು. ನೀನು ಸಿಟ್ಟು ಕಮ್ಮಿ ಮಾಡ್ಕೋ, ಹೊಟ್ಟೆ ತಾನಾಗೇ ಸರಿಹೋಗುತ್ತೆ."

ಸಿಟ್ಟು ಬರದಿರಲು ನಾನೇನು ಕಲ್ಲೇ? ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ತನ್ನ ಹೊಟ್ಟೆಯಲ್ಲಿ ಎಲ್ಲಿ ನೋಯುತ್ತದೆ ಅಂತ ಗೊತ್ತಾಗುವುದಿಲ್ಲವೇ?

ಮೇ 10, ಶುಕ್ರವಾರ

ಎರಡು ದಿನ ಬರೆಯಲಾಗಲಿಲ್ಲ. ನಿನ್ನೆ ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಬಂದುಬಿಟ್ಟೆ. ಸ್ಕ್ಯಾನ್ ಆಯಿತು. ಡಾಕ್ಟರ್ ಇಜ್ಲಾಲ್ ಹಾಳೆಯ ಮೇಲೆ ಕರುಳು ಬರೆದರು, ಅದರ ಗೋಡೆಯಿಂದ ಹೊರಕ್ಕೆ ಉಬ್ಬಿದ ಪುಟ್ಟ ಪುಟ್ಟ ಚೀಲಗಳನ್ನೂ ಬರೆದರು.

"ಇವು ಎಷ್ಟೋ ಜನಕ್ಕೆ ಇರ್ತವೆ, ತಮ್ಮ ಪಾಡಿಗೆ ತಾವು ಸುಮ್ನಿರ್ತವೆ. ನಿಮ್ಮದ್ರಲ್ಲಿ ಒಂದು ಬಾತು ಕೀವಾಗಿದೆ. ಒಡೆದಿದ್ರೆ ಹೊಟ್ಟೆಯೆಲ್ಲ ನಂಜಾಗ್ತಿತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ?"

ಕೈಗೆ ಡ್ರಿಪ್, ಊಟ ಬಂದ್. ಔಷಧಿ ನಾಟದಿದ್ದರೆ ಆಪರೇಷನ್ ಅಂತೆ.

ಸಂಜೆ ಶೌಕಿ ಸೋಂಪಿನ ಕಷಾಯದ ಫ್ಲಾಸ್ಕ್ ಹಿಡಿದು ಬಂದ. "ಇಷ್ಟು ನೋವಿದೆ ಅಂತ ಮೊದ್ಲೇ ಹೇಳೋದಲ್ವಾ?" ಮೈಯೆಲ್ಲ ಉರಿಯಿತು. ಫ್ಲಾಸ್ಕ್ ಅವನ ಕಡೆಗೇ ತಳ್ಳಿದೆ. "ನೀನೇ ಕುಡಿ. ನಿಂಗೂ ಕೊಲೊನ್ ಇದೆ." ಪಕ್ಕದ ಹಾಸಿಗೆಯವಳು ಕಿಸಕ್ಕನೆ ನಕ್ಕಳು.

ಮೇ 11, ಮಧ್ಯಾಹ್ನ

ಜ್ವರ ಇಳಿದಿದೆ. ಸಿಟ್ಟು ಇಳಿದಿಲ್ಲ. ಮನೆಗೆ ಹೋದ ಮೇಲೆ ಯಾರಿಗೆ ಏನು ಅನ್ನಬೇಕು ಅಂತ ಮಲಗಿದಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ನಗ್ವಾಳನ್ನಂತೂ ಬಿಡುವುದಿಲ್ಲ.

ಡಾಕ್ಟರ್ ಬಂದರು. "ನಿಮ್ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ? ತಾಯಿಗೆ?"

ಇಲ್ಲ ಅಂದೆ. ಬರೆದುಕೊಂಡು ಹೋದರು.

ಇಲ್ಲ ಅಂದುಬಿಟ್ಟೆ... ಅಮ್ಮನಿಗೂ ಎಡಗಡೆಯೇ ನೋವು. ಮೂರು ದಿನ. ಮೈ ಸುಡುತ್ತಿತ್ತು. ಹೊಟ್ಟೆ ಹಲಗೆಯಷ್ಟು ಗಟ್ಟಿ. ನಾಲ್ಕನೆಯ ದಿನ ಹೋಗಿಬಿಟ್ಟಳು. ವಯಸ್ಸಾಗಿತ್ತು, ಹೃದಯ ನಿಂತಿತು ಅಂತ ಎಲ್ಲರಿಗೂ ಹೇಳಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ನನ್ನ ತೋಳು ಹಿಡಿದು ಕೇಳಿದ್ದಳು. ನಾನು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ. "ಕೊಲೊನ್ ಕಣಮ್ಮಾ, ಸುಮ್‌ಸುಮ್ನೆ ತಲೆ ಬಿಸಿ ಮಾಡ್ಕೋ—