ಅಪ್ಪ ಕಿತ್ತುಕೊಟ್ಟ ಕಳೆ

ಜೂನ್ 14, ಶನಿವಾರ. ಕಂಪ್ಲಿ.

ನಿದ್ದಿ ಹತ್ತವಲ್ದು. ಬಿಎಸ್ಸಿ ಅಗ್ರಿ ಸೀಟಿಗೆ ರೈತರ ಮಕ್ಕಳ ಕೋಟಾದ ಪ್ರಾಕ್ಟಿಕಲ್ ಇವತ್ತಿತ್ತು. ಬೀಜ, ಕಳೆ, ಗೊಬ್ಬರ ನೋಡಿ ಹೆಸರು ಬರೀಬೇಕು. ನಂದು ಚಲೋನೇ ಆತು. ಆದ್ರ ಸಾಲಿನ್ಯಾಗ ನನ್ನ ಮುಂದ ವೈದೇಹಿ ನಿಂತಿದ್ಲು!

ಹೊಸಪೇಟಿ ಕೋಚಿಂಗ್‌ನಾಗ ನಾವಿಬ್ರೂ ಒಂದೇ ಬೆಂಚು. "ನನಗ ಡಾಕ್ಟರ್ ಸೀಟೇ ಬೇಕು, ಇದೆಲ್ಲ ಸುಮ್ನ ನೋಡಾಕ" ಅಂತ ಹೇಳಿ ಐತ್ವಾರಕ್ಕೊಮ್ಮೆ ನಮ್ಮ ಗದ್ದಿಗೆ ಬರ್ತಿದ್ಲು. ಅಪ್ಪ ಕೆಸರಾಗ ಇಳಿದು ಒಂದೊಂದೇ ಕಳೆ ಕಿತ್ತು, ಅಕಿ ಕೈಯಾಗ ಇಟ್ಟು ಹೆಸರು ಹೇಳಿಕೊಟ್ಟ. ಭತ್ತದಂಗ ಕಾಣೋ ಹುಲ್ಲನ್ನ ಹೆಂಗ ಗುರುತು ಹಿಡೀಬೇಕಂತ ನಾನೇ ತೋರಿಸಿದ್ದೆ. ಅವರಪ್ಪನ ಹೆಸರಿಗೆ ಹೊಲ ಐತಂತ ಅಕಿಗೂ ಕೋಟಾ ಸಿಗ್ತೈತಿ, ಆದ್ರ ಗುತ್ತಿಗೆಗೆ ಕೊಟ್ಟ ಆ ಹೊಲದಾಗ ಅಕಿ ಒಂದ್ಸಲನೂ ಕಾಲಿಟ್ಟಿಲ್ಲ.

ಇವತ್ತು ಸಾಲಿನ್ಯಾಗ, ಯಾಕ ಮುಚ್ಚಿಟ್ಟಿ ಅಂತ ಕೇಳಿದ್ರ ನಕ್ಕಳು.

"ಹೇಳಿದ್ರ ನೀ ಕಲಿಸ್ತಿದ್ದೇನ?"

ಕಲಿಸ್ತಿದ್ದೆ. ಖರೇವಂದ್ರೂ ಕಲಿಸ್ತಿದ್ದೆ, ಕತ್ತೆ!

ರಾತ್ರಿ ಉಣ್ಣುವಾಗ ಅಪ್ಪ ಅಂದ: "ಆ ಹೊಸಪೇಟಿ ಹುಡುಗಿನೂ ಬರೀಬೇಕಿತ್ತವ್ವ. ನಿನಗಿಂತ ಜಲ್ದಿ ಕಲಿತಿದ್ಲು, ಪಾಪ."

ಹೂಂ ಅಂದೆ. ಅಕಿನೂ ಬರದಾಳಂತ ಖರೇ ಹೇಳಿದ್ರ, ಅಪ್ಪ ಇನ್ನ ಯಾರ ಕೈಯಾಗೂ ಕಳೆ ಕಿತ್ತು ಇಡಂಗಿಲ್ಲ.